ಹೆಸರಿಗಾಗಿ ನಾಡು ತೊರೆದ ಗುರು

ಸಾಯಂಕಾಲದ ಹೊತ್ತು ನಮ್ಮ ನಗರಗಳ ಯಾವುದಾದರೊಂದು ಶಾಲೆಯ ಅಂಗಳದ ಪಕ್ಕದಲ್ಲಿ ಹಾದುಹೋದರೆ, ಸಡಿಲವಾದ ಬಿಳಿಯ ಉಡುಪು ತೊಟ್ಟು, ನಡುವಿಗೆ ಬಣ್ಣದ ಪಟ್ಟಿ ಬಿಗಿದ ಹುಡುಗ ಹುಡುಗಿಯರು ಒಕ್ಕೊರಲಿನಿಂದ ಕೂಗುತ್ತ, ಕಾಲೆತ್ತಿ ಗಾಳಿಯನ್ನು ಒದೆಯುವ ದೃಶ್ಯ ಕಣ್ಣಿಗೆ ಬೀಳುವುದುಂಟು. ಇದೇನೆಂದು ಕೇಳಿದರೆ "ಟೇಕ್ವಾಂಡೊ" ಎನ್ನುತ್ತಾರೆ. ಎರಡು ಸಾವಿರ ವರ್ಷಗಳಷ್ಟು ಹಳೆಯ ಕೊರಿಯ ದೇಶದ ವಿದ್ಯೆಯಿದು ಎಂಬ ಮಾತನ್ನೂ ಹೆಮ್ಮೆಯಿಂದ ಸೇರಿಸುತ್ತಾರೆ. ವಿದ್ಯೆಯ ವಯಸ್ಸಿನ ಮಾತು ಹಾಗಿರಲಿ, ಹೆಸರಿನ ವಯಸ್ಸನ್ನು ಮಾತ್ರ ಖಚಿತವಾಗಿ ಹೇಳಬಹುದು. 1955ನೆಯ ಇಸವಿಗೆ ಮುಂಚೆ ಆ ಹೆಸರಿನ ವಿದ್ಯೆ ಕೊರಿಯದಲ್ಲಿ ಇರಲಿಲ್ಲ. ಅದನ್ನು ನಿಘಂಟಿನ ಪುಟಗಳಲ್ಲಿ ಹುಡುಕಿ ತೆಗೆದವನು ಒಬ್ಬ ಸೇನಾನಿ. ದಕ್ಷಿಣ ಕೊರಿಯದ ಸೈನ್ಯದಲ್ಲಿ ಮೇಜರ್ ಜನರಲ್ ಪದವಿಗೇರಿದ ಆತನು, ಉತ್ತರ ಕೊರಿಯದ ರಾಜಧಾನಿಯಾದ ಪ್ಯಾಂಗ್‌ಯಾಂಗಿನ ದೇಶಭಕ್ತ ಹುತಾತ್ಮರ ರುದ್ರಭೂಮಿಯಲ್ಲಿ ಮಲಗಿದ್ದಾನೆ. ತಾನು ಯಾರ ವಿರುದ್ಧ ಸೈನ್ಯ ಕಟ್ಟಿದನೋ ಅವರೇ ಆತನಿಗೆ ಮಣ್ಣು ಕೊಟ್ಟರು. ಇಂಥ ವಿಚಿತ್ರ ಗತಿಯನ್ನು ಕಂಡ ಆ ಗುರುವಿನ ಹೆಸರು ಚೊಯ್ ಹಾಂಗ್ ಹೀ.

ಚೊಯ್ ಹುಟ್ಟಿದ್ದು 1918ರಲ್ಲಿ, ಈಗ ಉತ್ತರ ಕೊರಿಯಕ್ಕೆ ಸೇರಿರುವ ಹ್ವಾದೆ ಎಂಬ ಊರಿನಲ್ಲಿ. ಆಗ ಇಡೀ ಕೊರಿಯ ಜಪಾನಿನ ವಶದಲ್ಲಿದ್ದು ಎಂಟು ವರ್ಷಗಳಾಗಿದ್ದವು. ಹುಡುಗ ಹುಟ್ಟಾ ದುರ್ಬಲ. ಎಂದೂ ಒಂದಲ್ಲ ಒಂದು ಕಾಯಿಲೆ. ಅಂಥವನನ್ನು ತಂದೆಯು ಹಾನ್ ಇಲ್ ದಾಂಗ್ ಎಂಬ ಗುರುವಿನ ಬಳಿ ಚೀನೀ ಅಕ್ಷರಗಳನ್ನು ಕುಂಚದಿಂದ ಅಂದವಾಗಿ ಬರೆಯುವ ಕಲೆಯನ್ನು ಕಲಿಯಲು ಕಳುಹಿಸಿದನು. ಈ ಅಕ್ಷರಕಲೆ ಕೊನೆಯವರೆಗೂ ಚೊಯ್‌ಯ ಕೈಬಿಡಲಿಲ್ಲ. ಆ ಗುರುವೇ ತನ್ನ ದುರ್ಬಲ ದೇಹವನ್ನು ಕಂಡು ಮರುಗಿ, ಕಾಲಿನಿಂದ ಆಡುವ ಕೊರಿಯದ ಹಳೆಯ ಆಟವಾದ ಟೇಕ್ಯನ್ನನ್ನೂ ಕಲಿಸಿದನೆಂದು ಚೊಯ್ ಮುಂದೆ ಹೇಳಿಕೊಂಡನು. ಇತಿಹಾಸಕಾರರಲ್ಲಿ ಹಲವರು ಇದನ್ನು ನಂಬುವುದಿಲ್ಲ. ಏಕೆ ನಂಬುವುದಿಲ್ಲವೆಂಬುದು ಕಥೆ ಮುಂದುವರಿದಂತೆ ವಾಚಕರಿಗೆ ತಾನಾಗಿ ತಿಳಿಯುವುದು.

ಆತನು ಕೈಕಾಲಿನ ವಿದ್ಯೆಗೆ ನಿಜವಾಗಿ ಮನಸೋತದ್ದು ಒಂದು ಇಸ್ಪೀಟಿನ ಜಗಳದಿಂದ. ಕಥೆ ಆತನೇ ಹೇಳಿದ್ದು. ಓದಿಗಾಗಿ ಜಪಾನಿಗೆ ಹೊರಡಲಿದ್ದ ತರುಣನು ಊರಿನ ಜಟ್ಟಿಯೊಬ್ಬನೊಡನೆ ಜೂಜಿಗೆ ಕುಳಿತು ಹಣವನ್ನೆಲ್ಲ ಸೋತನು. ಸೋತ ಸಿಟ್ಟಿನಲ್ಲಿ ಮಸಿಯ ಕುಡಿಕೆಯನ್ನೆತ್ತಿ ಜಟ್ಟಿಯ ಹಣೆಗೆ ಬೀಸಿ, ಹಣದೊಡನೆ ಓಡಿಬಂದನು. ಮತ್ತೆ ಕೈಗೆ ಸಿಕ್ಕರೆ ಕೈಕಾಲು ಮುರಿಯುವೆನೆಂದು ಜಟ್ಟಿ ಶಪಥ ಮಾಡಿದನಂತೆ. ಬರೆಯಲು ಕಲಿತ ಹುಡುಗನಿಗೆ ಹೊಡೆಯಲು ಸಿಕ್ಕಿದ್ದೂ ಮಸಿಯ ಕುಡಿಕೆಯೇ! 1937ರಲ್ಲಿ ಕ್ಯೋಟೊ ನಗರವನ್ನು ಸೇರಿದ ಚೊಯ್, ಅಲ್ಲಿ ಕರಾಟೆ ಕಲಿಯುತ್ತಿದ್ದ ಇನ್ನೊಬ್ಬ ಕೊರಿಯದವನ ಬೆನ್ನು ಹತ್ತಿದನು. ತಂತಿಕಂಬಗಳೆಲ್ಲ ಆ ಜಟ್ಟಿಯೆಂದು ಭಾವಿಸಿ ಗುದ್ದುತ್ತಿದ್ದುದಾಗಿ ಹೇಳಿಕೊಂಡಿದ್ದಾನೆ. ಮೊದಲು ಕಪ್ಪುಪಟ್ಟಿ, ಆಮೇಲೆ ಟೋಕಿಯೊದಲ್ಲಿ ಎರಡನೆಯ ಮಟ್ಟದ ಪದವಿ. ಹೀಗೆ ಆತನ ವಿದ್ಯೆಯ ಬೇರು ಜಪಾನಿನ ನೆಲದಲ್ಲಿ ಇಳಿಯಿತು.

ಇಲ್ಲಿ ಆ ಕರಾಟೆಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಚೊಯ್ ಕಲಿತದ್ದು ಶೋಟೊಕಾನ್ ಎಂಬ ಸಂಪ್ರದಾಯವನ್ನು. ಅದರ ಮೂಲಪುರುಷ ಫುನಕೋಶಿ ಗಿಚಿನ್ ವೃತ್ತಿಯಿಂದ ಶಾಲಾ ಉಪಾಧ್ಯಾಯ. ಜಪಾನಿನ ದಕ್ಷಿಣ ತುದಿಯ ಒಕಿನಾವ ದ್ವೀಪದವನು. 1922ರಲ್ಲಿ ಟೋಕಿಯೊಗೆ ಬಂದು ತನ್ನ ದ್ವೀಪದ ವಿದ್ಯೆಯನ್ನು ಪ್ರದರ್ಶಿಸಿ ಅಲ್ಲಿಯೇ ನಿಂತನು. ಪದ್ಯ ಬರೆಯುವ ಹವ್ಯಾಸವಿದ್ದ ಆತನ ಕಾವ್ಯನಾಮ ಶೋಟೊ. ಪೈನ್ ಮರಗಳಲ್ಲಿ ಗಾಳಿ ಏಳಿಸುವ ಅಲೆಗಳೆಂದು ಅದರ ಅರ್ಥ. ಶಿಷ್ಯರು ಕಟ್ಟಿದ ಗರಡಿಗೆ ಆ ಕಾವ್ಯನಾಮವೇ ಹೆಸರಾಯಿತು. ಆಗ ಕರಾಟೆ ಎಂಬ ಮಾತನ್ನು "ಚೀನದ ಕೈ" ಎಂಬ ಅರ್ಥ ಬರುವ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಒಕಿನಾವಕ್ಕೆ ಅದರ ಬಹುಭಾಗ ಬಂದದ್ದು ಚೀನದಿಂದಲೇ. ಆದರೆ 1930ರ ದಶಕದ ಜಪಾನು ಚೀನದ ಮೇಲೆ ಕತ್ತಿ ಮಸೆಯುತ್ತಿದ್ದ ಜಪಾನು. ಚೀನದ ಹೆಸರು ಹೊತ್ತ ವಿದ್ಯೆಗೆ ಅಲ್ಲಿ ಮರ್ಯಾದೆ ಎಲ್ಲಿಂದ ಬರಬೇಕು? ಫುನಕೋಶಿ ಅಕ್ಷರವೊಂದನ್ನು ಬದಲಿಸಿದನು. ಉಚ್ಚಾರಣೆ ಅದೇ ಕರಾಟೆ, ಅರ್ಥ ಮಾತ್ರ "ಬರಿಗೈ". ವರಸೆಗಳ ಹಳೆಯ ಹೆಸರುಗಳೂ ಹೋಗಿ ಜಪಾನಿ ಹೆಸರುಗಳು ಬಂದವು. ಪಿನಾನ್ ಎಂಬುದು ಹೇಯಾನ್ ಆಯಿತು, ಕುಸಂಕು ಎಂಬುದು ಕಂಕು ಆಯಿತು. ಕೈ ಬೀಸುವ ರೀತಿ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಊರು ಮಾತ್ರ ಬದಲಾಯಿತು.

ಈ ಪಾಠವನ್ನು ಫುನಕೋಶಿ ಯಾರಿಗೂ ಬಾಯಿಬಿಟ್ಟು ಹೇಳಿಕೊಡಲಿಲ್ಲ. ಆದರೂ ಚೊಯ್ ಕಲಿತನು.

ಎರಡನೆಯ ಮಹಾಯುದ್ಧದಲ್ಲಿ ಜಪಾನು ಕೊರಿಯದ ವಿದ್ಯಾರ್ಥಿಗಳನ್ನು ಬಲವಂತವಾಗಿ ತನ್ನ ಸೈನ್ಯಕ್ಕೆ ಎಳೆದುಕೊಂಡಿತು. ಚೊಯ್ ಪ್ಯಾಂಗ್‌ಯಾಂಗಿನ ದಳದಲ್ಲಿದ್ದನು. ಅಲ್ಲಿ ದಂಗೆಗೆ ಒಳಸಂಚು ಮಾಡಿದನೆಂಬ ಆರೋಪದ ಮೇಲೆ ಆತನನ್ನು ಸೆರೆಗೆ ಹಾಕಿದರು. ಕತ್ತಲ ಕೋಣೆಯಲ್ಲಿ ದೇಹ ಕೊಳೆಯಬಾರದೆಂದು ಒಬ್ಬನೇ ಅಭ್ಯಾಸ ಮಾಡಿ, ಬರಬರುತ್ತ ಜೊತೆಯ ಕೈದಿಗಳಿಗೂ ಕೊನೆಗೆ ಕಾವಲುಗಾರನಿಗೂ ಕಲಿಸಿದನಂತೆ. 1945ರ ಆಗಸ್ಟಿನಲ್ಲಿ ಜಪಾನು ಶರಣಾಗಿ ಸೆರೆಮನೆಯ ಬಾಗಿಲು ತೆರೆಯಿತು. ಮರುವರ್ಷವೇ ಹೊಸದಾಗಿ ಕಟ್ಟುತ್ತಿದ್ದ ದಕ್ಷಿಣ ಕೊರಿಯದ ಸೈನ್ಯದಲ್ಲಿ ಕಿರಿಯ ಅಧಿಕಾರಿಯಾಗಿ ಸೇರಿ, ತನ್ನ ದಳದ ಸಿಪಾಯಿಗಳಿಗೆ ಕರಾಟೆಯ ಪಾಠವನ್ನು ಆರಂಭಿಸಿದನು.

ನಿಘಂಟಿನಿಂದ ಬಂದ ಹೆಸರು

ಸ್ವತಂತ್ರ ಕೊರಿಯದಲ್ಲಿ ಆಗ ಇಂಥ ಗರಡಿಗಳು ಹಲವು ತಲೆಯೆತ್ತಿದ್ದವು. ನಡೆಸುವವರಲ್ಲಿ ಬಹುಮಂದಿ ಜಪಾನಿನಲ್ಲಿ ಕಲಿತು ಬಂದವರೇ. ಕಲಿಸುವ ವಿದ್ಯೆಯನ್ನು ಅವರು ತಾಂಗ್ ಸೂ ದೊ ಎಂದೋ ಕಾಂಗ್ ಸೂ ದೊ ಎಂದೋ ಕರೆಯುತ್ತಿದ್ದರು. ಕಿವಿಗೆ ಅಪ್ಪಟ ಕೊರಿಯದ ಮಾತುಗಳು. ಬರೆದು ನೋಡಿದರೆ ಒಂದು "ಚೀನದ ಕೈ", ಇನ್ನೊಂದು "ಬರಿಗೈ". ಕರಾಟೆಯ ಎರಡೂ ಅಕ್ಷರರೂಪಗಳನ್ನು ಕೊರಿಯದ ಉಚ್ಚಾರಣೆಯಲ್ಲಿ ಓದಿದ್ದಷ್ಟೆ. ಮೂವತ್ತೈದು ವರ್ಷ ತಮ್ಮ ಭಾಷೆಯನ್ನು ಶಾಲೆಯಿಂದ ಹೊರದೂಡಿ, ತಮ್ಮ ಮನೆತನದ ಹೆಸರುಗಳನ್ನೂ ಜಪಾನೀಕರಿಸಿದ ಒಡೆಯರ ವಿದ್ಯೆಯನ್ನು ಅವರದೇ ಹೆಸರಿನಲ್ಲಿ ಕಲಿಸುವುದು ಚೊಯ್‌ಗೆ ಎಷ್ಟು ಚುಚ್ಚಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

1950ರಲ್ಲಿ ಆರಂಭವಾದ ಕೊರಿಯ ಯುದ್ಧ 1953ರ ಜುಲೈನಲ್ಲಿ ನಿಂತಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಎರಡು ಕೊರಿಯಗಳ ನಡುವಣ ಗಡಿಯಲ್ಲಿ ಯುದ್ಧಕೈದಿಗಳ ಕಗ್ಗಂಟನ್ನು ಬಿಡಿಸುವ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಅದೇ ದಿನಗಳಲ್ಲಿ ದಕ್ಷಿಣದ ಜೇಜು ದ್ವೀಪದಲ್ಲಿ ಚೊಯ್ ಹೊಸದೊಂದು ಸೇನಾವಿಭಾಗವನ್ನು ಕಟ್ಟುತ್ತಿದ್ದನು. ಅದು 29ನೆಯ ಪದಾತಿ ವಿಭಾಗ. "ಮುಷ್ಟಿ ವಿಭಾಗ"ವೆಂದೇ ಅದಕ್ಕೆ ಹೆಸರು. ಅಲ್ಲಿ ನಿತ್ಯದ ಕವಾಯತಿನೊಡನೆ ಮುಷ್ಟಿಯ ಪಾಠವೂ ನಡೆಯಿತು. ಆತನ ಬಲಗೈಯಾಗಿದ್ದವನು ನಾಮ್ ಟೇ ಹೀ ಎಂಬ ತರುಣ ಅಧಿಕಾರಿ. 1950ರ ದಶಕದ ಮೊದಲ ವರ್ಷಗಳಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ ಅವರ ಸಮ್ಮುಖದಲ್ಲಿ ಒಂದು ಪ್ರದರ್ಶನ ಏರ್ಪಟ್ಟಾಗ, ನಾಮ್ ಒಂದರ ಮೇಲೊಂದು ಪೇರಿಸಿದ್ದ ಹದಿಮೂರು ಹೆಂಚುಗಳನ್ನು ಒಂದೇ ಗುದ್ದಿಗೆ ಒಡೆದನು. ವೃದ್ಧ ಅಧ್ಯಕ್ಷರು ಬೆರಗಾಗಿ, ಇದು ನಮ್ಮ ಟೇಕ್ಯನ್ ಅಲ್ಲವೇ, ಇದನ್ನು ಸೈನ್ಯಕ್ಕೆಲ್ಲ ಕಲಿಸಿರಿ ಎಂದರಂತೆ.

ಅದು ಟೇಕ್ಯನ್ ಆಗಿರಲಿಲ್ಲ, ಕರಾಟೆಯಾಗಿತ್ತು. ಆದರೆ ದೇಶದ ಅಧ್ಯಕ್ಷರು ಆಡಿದ ಮಾತನ್ನು ಅಲ್ಲವೆನ್ನುವವರಾರು? ಚೊಯ್ ಮತ್ತು ನಾಮ್ ನಿಘಂಟನ್ನು ತೆರೆದು ಕುಳಿತರು. ಟೇಕ್ಯನ್ ಎಂಬ ಸದ್ದಿಗೆ ಹತ್ತಿರವಾಗಿದ್ದು, ಬರೆದರೆ ತಕ್ಕ ಅರ್ಥವನ್ನೂ ಕೊಡುವ ಅಕ್ಷರ ಬೇಕಾಗಿತ್ತು. ಸಿಕ್ಕಿತು: "ಟೇ", ಎಂದರೆ ಕಾಲಿನಿಂದ ತುಳಿಯುವುದು. ಅದಕ್ಕೆ ಮುಷ್ಟಿಯೆಂಬ ಅರ್ಥದ "ಕ್ವಾನ್" ಸೇರಿತು. ಮಾರ್ಗವೆಂಬ ಅರ್ಥದ "ದೊ" ಕೊನೆಗೆ ಬಂತು. 1955ರ ಏಪ್ರಿಲ್ 11ರಂದು ಗಣ್ಯರ ಸಭೆಯೊಂದು ಈ ಹೆಸರನ್ನು ಒಪ್ಪಿತು.

ಇದನ್ನು ಮೋಸವೆನ್ನೋಣವೇ? ನನ್ನಂಥ ಕನ್ನಡ ಮೇಷ್ಟ್ರಿಗೆ ಇಲ್ಲಿ ವ್ಯಾಕರಣ ನೆನಪಾಗುವುದು ಸಹಜ. ಸಂಸ್ಕೃತದ ಆಕಾಶ ನಮ್ಮಲ್ಲಿ ಆಗಸವಾಯಿತು, ಶ್ರೀ ಸಿರಿಯಾಯಿತು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ಪದಗಳಿಗಾಗಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟನು. ಎಲ್ಲಿಂದ ಬಂತು, ಹೇಗೆ ಬದಲಾಯಿತು ಎಂದು ಸಂಕೋಚವಿಲ್ಲದೆ ಹೇಳಿದನು. ಹಾಗೆ ಹೇಳಿದ್ದರಿಂದ ಸಿರಿ ಎಂಬ ಮಾತಿನ ಕನ್ನಡತನಕ್ಕೆ ಕುಂದೇನೂ ಬರಲಿಲ್ಲ. ಚೊಯ್ ಮಾಡಿದ್ದೂ ಒಂದು ತದ್ಭವವನ್ನೇ. 1965ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ಗ್ರಂಥದಲ್ಲಿ ಆತನು ತಾನು ರಚಿಸಿದ ವರಸೆಗಳ ಜೊತೆಗೆ ಕರಾಟೆಯ ಹಳೆಯ ವರಸೆಗಳನ್ನೂ ಅಚ್ಚು ಹಾಕಿಸಿದ್ದನು. ಮುಂದಿನ ಗ್ರಂಥದ ವೇಳೆಗೆ ಅವು ಮಾಯವಾದವು. ಸಾಲ ತೀರಿತೆಂದು ಭಾವಿಸಿದನೋ, ಸಾಲದ ಪತ್ರವೇ ಕಣ್ಣಿಗೆ ಬೀಳಬಾರದೆಂದು ಬಯಸಿದನೋ! ಕೊರಿಯದ ಸರ್ಕಾರವಂತೂ ಇನ್ನೂ ಮುಂದೆ ಹೋಗಿ, ಪ್ರಾಚೀನ ಸಮಾಧಿಗಳ ಗೋಡೆಯ ಚಿತ್ರಗಳಲ್ಲಿ ಟೇಕ್ವಾಂಡೊವನ್ನು ಕಂಡು, ಎರಡು ಸಾವಿರ ವರ್ಷದ ಕಥೆಯನ್ನು ನೇಯಿತು. ನಾವೇನೂ ಕಡಿಮೆಯಲ್ಲ. ಕಂಚಿಯಿಂದ ಚೀನಕ್ಕೆ ಹೋದ ಬೋಧಿಧರ್ಮನೇ ಈ ವಿದ್ಯೆಗಳಿಗೆಲ್ಲ ಆದಿಗುರುವೆಂದು ಹೇಳಿ ಎದೆಯುಬ್ಬಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಕಥೆಗೆ ಆಧಾರವೆಂದು ತೋರಿಸುವ ಚೀನೀ ಗ್ರಂಥ ಬೋಧಿಧರ್ಮನ ಕಾಲಕ್ಕಿಂತ ಸಾವಿರ ವರ್ಷಕ್ಕೂ ಈಚಿನದೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ.

ಚಲನೆಯಲ್ಲಿ ಬರೆದ ಇತಿಹಾಸ

ಹೆಸರು ಕೊಟ್ಟು ಸುಮ್ಮನಾಗಿದ್ದರೆ ಚೊಯ್ ಒಬ್ಬ ಚತುರ ಅಧಿಕಾರಿ ಮಾತ್ರ ಆಗಿರುತ್ತಿದ್ದನು. ಆತನನ್ನು ಗುರುವೆನ್ನಬೇಕಾದದ್ದು ಆತನೂ ಆತನ ಶಿಷ್ಯರೂ ಕೂಡಿ ರಚಿಸಿದ ವರಸೆಗಳಿಗಾಗಿ. ಕೊರಿಯದ ಭಾಷೆಯಲ್ಲಿ ಅವಕ್ಕೆ "ತುಲ್" ಎಂದು ಹೆಸರು. ಎದುರಾಳಿ ಇದ್ದಾನೆಂದು ಕಲ್ಪಿಸಿಕೊಂಡು, ಗೊತ್ತಾದ ಕ್ರಮದಲ್ಲಿ ತಡೆಯುತ್ತ, ಗುದ್ದುತ್ತ, ಒದೆಯುತ್ತ, ತಿರುಗುತ್ತ ಸಾಗುವ ಅಭ್ಯಾಸವಿದು. ಕೊನೆಯಲ್ಲಿ ಅವುಗಳ ಸಂಖ್ಯೆ ಇಪ್ಪತ್ತನಾಲ್ಕಕ್ಕೆ ನಿಂತಿತು. ಒಂದು ದಿನಕ್ಕೆ ಇಪ್ಪತ್ತನಾಲ್ಕು ಗಂಟೆ. ಮನುಷ್ಯನ ಆಯುಷ್ಯ ಕಾಲದ ಅನಂತತೆಯಲ್ಲಿ ಒಂದೇ ಒಂದು ದಿನವೆಂಬುದು ಆತನ ವಿವರಣೆ. ಫುನಕೋಶಿಯಂತೆ ಈತನಿಗೂ ಒಂದು ಕಾವ್ಯನಾಮವಿತ್ತು: ಚಾಂಗ್ ಹಾನ್, ನೀಲಿಯ ಕುಟೀರ. ಈ ವರಸೆಗಳಿಗೆಲ್ಲ ಅದೇ ಅಂಕಿತವಾಯಿತು. ಗುರುವಿನ ನೆರಳು ಶಿಷ್ಯನ ಮೇಲೆ ಎಷ್ಟು ದೂರ ಚಾಚಿದೆ ನೋಡಿರಿ!

ಒಂದೊಂದು ತುಲ್ ಕೊರಿಯದ ಇತಿಹಾಸದ ಒಂದೊಂದು ಪುಟ. ಹೊಸಬನು ಕಲಿಯುವ ಮೊದಲನೆಯದು ಚೊನ್-ಜಿ, ಎಂದರೆ ಭೂಮ್ಯಾಕಾಶ, ಸೃಷ್ಟಿಯ ಆರಂಭ. ಆಮೇಲೆ ಕೊರಿಯವನ್ನು ಸ್ಥಾಪಿಸಿದನೆಂಬ ಪುರಾಣಪುರುಷ ದಾನ್-ಗುನ್. ಯುಲ್-ಗೊಕ್ ಎಂಬುದು ಒಬ್ಬ ತತ್ತ್ವಜ್ಞಾನಿಯ ಕಾವ್ಯನಾಮ. ಆತನು ಹುಟ್ಟಿದ ಊರು 38ನೆಯ ಅಕ್ಷಾಂಶದ ಮೇಲಿದೆಯೆಂದು ಆ ವರಸೆಗೆ 38 ಚಲನೆಗಳು. ಜಪಾನಿನ ಮುತ್ಸದ್ದಿ ಇಟೊ ಹಿರೊಬುಮಿಯನ್ನು 1909ರಲ್ಲಿ ಗುಂಡಿಟ್ಟು ಕೊಂದು, ಮರುವರ್ಷ ಗಲ್ಲಿಗೇರಿದ ಆನ್ ಜೂಂಗ್-ಗುನ್‌ನ ಹೆಸರಿನ ವರಸೆಗೆ 32. ಕೊರಿಯದ ಎಣಿಕೆಯಂತೆ ಸಾಯುವಾಗ ಆತನ ವಯಸ್ಸು ಅಷ್ಟು. 1919ರ ಮಾರ್ಚ್ ಒಂದರಂದು ಸ್ವಾತಂತ್ರ್ಯವನ್ನು ಘೋಷಿಸಿದ ಮೂವತ್ತಮೂರು ನಾಯಕರ ನೆನಪಿಗೆ ಸಾಮ್-ಇಲ್, 33 ಚಲನೆಗಳು. ಹ್ವಾ-ರಾಂಗ್ ವರಸೆಗೆ 29, ಜೇಜು ದ್ವೀಪದ ತನ್ನ 29ನೆಯ ವಿಭಾಗದ ಗುರುತಿಗೆ. ಇಲ್ಲಿ ಸೇನಾನಿ ತನ್ನ ರುಜುವನ್ನೇ ಹಾಕಿದ್ದಾನೆ. ಎಲ್ಲಕ್ಕಿಂತ ಹೃದಯವನ್ನು ತಟ್ಟುವುದು ಚೂಂಗ್-ಮೂ. ಹದಿನಾರನೆಯ ಶತಮಾನದಲ್ಲಿ ಜಪಾನಿನ ನೌಕಾಪಡೆಯನ್ನು ಸೋಲಿಸಿದ ಮಹಾವೀರ ಯಿ ಸುನ್-ಸಿನ್‌ಗೆ ಸಲ್ಲುವ ಈ ವರಸೆ ಎಡಗೈಯ ಹೊಡೆತದೊಂದಿಗೆ ಮುಗಿಯುತ್ತದೆ. ತನ್ನ ಶಕ್ತಿಯನ್ನು ಪೂರ್ಣವಾಗಿ ತೋರಿಸುವ ಮೊದಲೇ ಆತನು ಮಡಿದನೆಂಬ ಶೋಕಕ್ಕೆ ಅದು ಸಂಕೇತ.

ಜಪಾನಿನಿಂದ ಕಲಿತ ಹೊಡೆತಗಳಿಂದಲೇ ಜಪಾನಿನ ವಿರುದ್ಧ ಕಾದಿದವರ ಸ್ಮಾರಕವನ್ನು ಕಟ್ಟಿದ್ದಾನೆ! ಕಲ್ಲಿನ ಪ್ರತಿಮೆಯನ್ನು ಶತ್ರು ಒಡೆಯಬಹುದು. ಹತ್ತು ವರ್ಷದ ಹುಡುಗಿಯ ಕೈಕಾಲುಗಳಲ್ಲಿ ನೆಲೆಸಿದ ಸ್ಮಾರಕವನ್ನು ಒಡೆಯುವುದು ಹೇಗೆ? ನಾನು ಓದಿದ ಮಟ್ಟಿಗೆ ಇಷ್ಟು ಅಚ್ಚುಕಟ್ಟಾಗಿ ಇತಿಹಾಸವನ್ನು ವ್ಯಾಯಾಮದೊಳಗೆ ಹುದುಗಿಸಿದ ಇನ್ನೊಂದು ಪದ್ಧತಿ ಕಂಡಿಲ್ಲ.

ಈ ವರಸೆಗಳಲ್ಲಿ ಬಹುಭಾಗ ರೂಪುಗೊಂಡದ್ದು ಕೊರಿಯದಲ್ಲಲ್ಲ, ಮಲಯದಲ್ಲಿ. 1961ರಲ್ಲಿ ಪಾರ್ಕ್ ಚುಂಗ್ ಹೀ ಸೈನಿಕ ಕ್ರಾಂತಿಯಿಂದ ಅಧಿಕಾರವನ್ನು ಹಿಡಿದನು. ಹಿಂದೊಮ್ಮೆ ಪಾರ್ಕನನ್ನು ವಿಚಾರಣೆ ಮಾಡಿದ ಸೈನಿಕ ನ್ಯಾಯಮಂಡಲಿಯಲ್ಲಿ ತಾನೂ ಕುಳಿತಿದ್ದೆನೆಂದು ಚೊಯ್ ಹೇಳುತ್ತಿದ್ದನು. ಇಬ್ಬರಿಗೂ ಹೊಂದಿಕೆಯಾಗುವುದು ಸಾಧ್ಯವಿರಲಿಲ್ಲ. ಚೊಯ್‌ಯ ಸೈನಿಕ ಜೀವನ ಮುಗಿದು, 1962ರಲ್ಲಿ ಆತನನ್ನು ರಾಯಭಾರಿಯೆಂದು ಕ್ವಾಲಾಲಂಪುರಕ್ಕೆ ಕಳುಹಿಸಿದರು. ಮರ್ಯಾದೆಯ ವನವಾಸವೆನ್ನಬಹುದು. ಆತನು ಅದನ್ನೂ ಪಾಠಶಾಲೆ ಮಾಡಿಕೊಂಡನು. 1966ರ ಮಾರ್ಚ್ 22ರಂದು ಒಂಬತ್ತು ದೇಶಗಳನ್ನು ಕೂಡಿಸಿ ಅಂತರರಾಷ್ಟ್ರೀಯ ಟೇಕ್ವಾಂಡೊ ಒಕ್ಕೂಟವನ್ನು ಸ್ಥಾಪಿಸಿದನು. ಹೊರದೇಶಗಳಲ್ಲಿ "ಕೊರಿಯನ್ ಕರಾಟೆ" ಎಂಬ ಫಲಕ ಹಾಕಿಕೊಂಡಿದ್ದ ಶಿಕ್ಷಕರನ್ನು ಒಲಿಸಿಯೋ ಗದರಿಸಿಯೋ ಆ ಫಲಕವನ್ನು ಇಳಿಸಲು ಶ್ರಮಪಟ್ಟನು.

ಎರಡು ಮನೆಗಳ ನಡುವೆ

ಸರ್ಕಾರಕ್ಕೂ ಟೇಕ್ವಾಂಡೊ ಬೇಕಾಗಿತ್ತು. ಅದನ್ನು ಹಿಡಿದ ಕೈ ಮಾತ್ರ ತನ್ನದೇ ಆಗಬೇಕಾಗಿತ್ತು. ಜಗಳ ಬೆಳೆದು 1972ರಲ್ಲಿ ಚೊಯ್ ದೇಶವನ್ನು ಬಿಟ್ಟು ಕೆನಡಕ್ಕೆ ಹೋಗಿ ಟೊರಾಂಟೊ ಸಮೀಪದಲ್ಲಿ ನೆಲೆಸಿದನು. ಆಗ ಆತನಿಗೆ ಐವತ್ತಮೂರು ವರ್ಷ. ಮರುವರ್ಷವೇ ಸಿಯೋಲಿನಲ್ಲಿ ಕಿಮ್ ಉನ್-ಯಾಂಗ್ ನೇತೃತ್ವದಲ್ಲಿ ಇನ್ನೊಂದು ವಿಶ್ವ ಒಕ್ಕೂಟ ಹುಟ್ಟಿತು. ಸರ್ಕಾರದ ಬೆಂಬಲವಿದ್ದ ಅದರ ಟೇಕ್ವಾಂಡೊವೇ 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಪ್ರದರ್ಶನ ಕ್ರೀಡೆಯಾಗಿ, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪದಕದ ಕ್ರೀಡೆಯಾಯಿತು. ಆತನು ಕೊಟ್ಟ ಹೆಸರು ಜಗತ್ತನ್ನು ಗೆದ್ದಿತು. ಆತನು ಕಟ್ಟಿದ ವರಸೆಗಳು ಮಾತ್ರ ಒಲಿಂಪಿಕ್ಸಿನ ಬಾಗಿಲ ಹೊರಗೆ ನಿಂತವು.

ಹೊರಗೆ ನಿಂತವನು ಏನು ಮಾಡಬೇಕು? 1980ರಲ್ಲಿ ಚೊಯ್ ಸಣ್ಣದೊಂದು ತಂಡವನ್ನು ಕಟ್ಟಿಕೊಂಡು ಪ್ಯಾಂಗ್‌ಯಾಂಗಿಗೆ ಹೋದನು. ದಕ್ಷಿಣದವರು ದ್ರೋಹಿಯೆಂದು ಕೂಗಿದರು. ಹಳೆಯ ಶಿಷ್ಯರಲ್ಲಿ ಹಲವರು ಕೈಬಿಟ್ಟರು. ಚೊಯ್ ಹೇಳಿದ್ದು, ಟೇಕ್ವಾಂಡೊಗೆ ರಾಜಕೀಯವಿಲ್ಲ, ಅದು ಹುಟ್ಟೂರಿನ ಜನಕ್ಕೂ ಸೇರಿದ್ದು ಎಂದು. ಮಾತು ದೊಡ್ಡದು. ಆದರೆ ರಾಜಕೀಯ ಬೆಲೆ ಕೇಳದೆ ಬಿಡಲಿಲ್ಲ. ಇಪ್ಪತ್ತನಾಲ್ಕು ತುಲ್‌ಗಳಲ್ಲಿ ಕೊ-ಡಾಂಗ್ ಎಂಬುದೊಂದಿತ್ತು. ಪ್ಯಾಂಗ್‌ಯಾಂಗಿನ ರಾಷ್ಟ್ರೀಯ ನಾಯಕನೂ ಕ್ರೈಸ್ತನೂ ಆಗಿದ್ದ ಚೊ ಮಾನ್-ಸಿಕ್‌ನ ಕಾವ್ಯನಾಮವದು. ಯುದ್ಧದ ತರುವಾಯ ಉತ್ತರವನ್ನು ಆಕ್ರಮಿಸಿದ್ದ ಸೋವಿಯತ್ ಸೇನೆಗೆ ಮಣಿಯದೆ ಗೃಹಬಂಧನಕ್ಕೊಳಗಾದವನು ಆತನು. 1980ರ ದಶಕದಲ್ಲಿ ಚೊಯ್ ಕೊ-ಡಾಂಗ್ ವರಸೆಯನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ "ಜೂಚೆ" ಎಂಬ ಹೊಸ ವರಸೆಯನ್ನು ಇಟ್ಟನು. ಜೂಚೆ ಎಂದರೆ ಉತ್ತರ ಕೊರಿಯದ ಸರ್ವಾಧಿಕಾರಿ ಕಿಮ್ ಇಲ್-ಸುಂಗ್‌ನ ಸಿದ್ಧಾಂತದ ಹೆಸರು. ಕರಾಟೆಯ ಋಣವನ್ನು ಮರೆಮಾಡಿದ್ದನ್ನು ನಾನು ಕ್ಷಮಿಸಬಲ್ಲೆ. ಗಾಯಗೊಂಡ ನಾಡಿನ ಮನಸ್ಸು ಹಾಗೆ ಮಾಡಿಸುತ್ತದೆ. ಈ ಬದಲಾವಣೆಯನ್ನು ಒಪ್ಪಿಕೊಳ್ಳುವುದು ಕಷ್ಟ. ಸೆರೆಯಲ್ಲಿ ಸತ್ತ ಸಜ್ಜನನೊಬ್ಬನನ್ನು ಎರಡನೆಯ ಸಲ ಮನೆಯಿಂದ ಹೊರಹಾಕಿದಂತಾಯಿತು.

ಆದರೂ ಆ ಗಿಡ್ಡ ದೇಹದ ಮುದುಕನ ಶ್ರಮವನ್ನು ನೆನೆದರೆ ಕೋಪ ತಣಿಯುತ್ತದೆ. ತನ್ನ ವಿದ್ಯೆಯನ್ನು ಹದಿನೈದು ಸಂಪುಟಗಳ ವಿಶ್ವಕೋಶವಾಗಿ ಬರೆದನು. ಪ್ರತಿಯೊಂದು ಹೆಜ್ಜೆಯಲ್ಲಿ ದೇಹ ಅಲೆಯಂತೆ ತಗ್ಗಿ, ಎದ್ದು, ಮತ್ತೆ ತಗ್ಗಬೇಕೆಂಬ ಹೊಸ ಕ್ರಮವನ್ನು ತಂದು ಕರಾಟೆಯ ಬಿಗಿನಿಲುವಿನಿಂದ ಅದನ್ನು ಬೇರ್ಪಡಿಸಿದನು. ಎಂಬತ್ತರ ವಯಸ್ಸಿನಲ್ಲಿಯೂ ದೇಶದಿಂದ ದೇಶಕ್ಕೆ ಹೋಗಿ, ಕಪ್ಪುಪಟ್ಟಿಯವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮೊಣಕೈಯನ್ನೂ ಹಿಮ್ಮಡಿಯನ್ನೂ ತಿದ್ದುತ್ತಿದ್ದನು. ಹೊಟ್ಟೆಯ ಕ್ಯಾನ್ಸರ್ ಹಿಡಿದ ಮೇಲೆ ಪ್ಯಾಂಗ್‌ಯಾಂಗನ್ನು ಸೇರಿ, 2002ರ ಜೂನ್ 15ರಂದು ಅಲ್ಲಿಯೇ ಕೊನೆಯುಸಿರೆಳೆದನು. ಆಗ ಆತನಿಗೆ ಎಂಬತ್ತಮೂರು ವರ್ಷ. ಆತನು ಇಪ್ಪತ್ತನಾಲ್ಕನೆಯದಾಗಿ ಇಟ್ಟ, ಎಲ್ಲಕ್ಕಿಂತ ಕೊನೆಯಲ್ಲಿ ಕಲಿಸುವ ವರಸೆಯ ಹೆಸರು ತಾಂಗ್-ಇಲ್. ಎರಡು ಕೊರಿಯಗಳ ಏಕೀಕರಣ.

ಗುರು ಹೋದ ಮೇಲೆ ಆತನ ಒಕ್ಕೂಟವೇ ಮೂರು ಪಾಲಾಯಿತು. ಒಂದಕ್ಕೆ ಉತ್ತರ ಕೊರಿಯದ ಚಾಂಗ್ ಉಂಗ್, ಒಂದಕ್ಕೆ ಮಗ ಚೊಯ್ ಜುಂಗ್ ಹ್ವಾ, ಇನ್ನೊಂದಕ್ಕೆ ಕೆನಡದಲ್ಲಿ ನೆಲೆಸಿದ್ದ ವಿಯೆಟ್ನಾಮಿನ ಟ್ರಾನ್ ಟ್ರಿಯು ಕ್ವಾನ್ ಅಧ್ಯಕ್ಷರಾದರು. 2018ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯದ ಪ್ಯಾಂಗ್‌ಚಾಂಗಿನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಉತ್ತರದ ತಂಡವೂ ದಕ್ಷಿಣದ ತಂಡವೂ ಜೊತೆಯಾಗಿ ಟೇಕ್ವಾಂಡೊ ಪ್ರದರ್ಶನವನ್ನು ನೀಡಿದವು. ಏಪ್ರಿಲಿನಲ್ಲಿ ಪ್ಯಾಂಗ್‌ಯಾಂಗಿನಲ್ಲಿಯೂ ಒಂದೇ ವೇದಿಕೆಯನ್ನು ಏರಿದವು. ಇತ್ತ ಮಗನ ಒಕ್ಕೂಟದಲ್ಲಿ ಜೂಚೆ ಎಂಬ ಹೆಸರನ್ನು ಕೈಬಿಟ್ಟರು. ಚಲನೆಗಳು ಅವೇ, ಒಂದೂ ಬದಲಾಗಲಿಲ್ಲ. ಅದನ್ನು ಮತ್ತೆ ಕೊ-ಡಾಂಗ್ ಎಂದು ಕರೆದರು.